ಹಳೆಯ ಜೀಪಿನ ಗೇರ್: ಇಳಿಜಾರಿನಲ್ಲಿ ನೋಡಿ ಕೊಳ್ಳಿ

ಕೊಯ್ಲು ಹತ್ತಿರವಾದಂತೆ ಹಳೆಯ ಮಹೀಂದ್ರ ಜೀಪು ಕೊಳ್ಳುವ ವಿಚಾರ ಸದಸ್ಯ ಬಾಂಧವರಲ್ಲಿ ಮತ್ತೆ ಎದ್ದಿದೆ. ಮೂರು ಗೇರಿನ ಸಿಜೆ 3ಬಿ ಮಾದರಿಯನ್ನು ಇಟ್ಟುಕೊಂಡವರಿಂದ ನಾವು ಹೆಚ್ಚಾಗಿ ಕೇಳುವ ದೂರು ಒಂದೇ: ಇಳಿಯುವಾಗ ಎರಡನೆಯ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್ಲಿಗೆ ಬೀಳುತ್ತದೆ. ಹಿಂದೆ ಆಳುಗಳೂ ಕಾಫಿ ಮೂಟೆಗಳೂ ಇರುವಾಗ ಎಂಜಿನ್ನಿನ ಹಿಡಿತ ತಪ್ಪಿದರೆ ಉಳಿಯುವುದು ಬ್ರೇಕು ಮಾತ್ರ. ಹಳೆಯ ಜೀಪಿನ ಬ್ರೇಕಿನ ಬಗ್ಗೆ ಹೇಳದಿರುವುದೇ ಲೇಸು.

ಮಾರುವವರು ಏರಿನಲ್ಲಿ ಓಡಿಸಿ ತೋರಿಸುತ್ತಾರೆ. ಏರುವಾಗ ಎಂಜಿನ್ನು ಚಕ್ರವನ್ನು ದೂಡುವುದರಿಂದ ಸವೆದ ಗೇರ್ ಸಹ ಕಚ್ಚಿಕೊಂಡಿರುತ್ತದೆ. ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಒತ್ತಡ ತಿರುವುಮುರುವಾಗಿ ಗೇರ್ ಜಾರುತ್ತದೆ. ಆದುದರಿಂದ ಬರಿದಾದ ರಸ್ತೆಯಲ್ಲಿ, ಎರಡನೆಯ ಗೇರಿನಲ್ಲಿ ಇಳಿಜಾರಿಗೆ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರ್ ರಾಡನ್ನು ಮುಟ್ಟದೆ ನೋಡಬೇಕು. ಬ್ರೇಕಿಗೆ ಕಾಲು ಸಿದ್ಧವಿರಲಿ. 'ಕೈಯಲ್ಲಿ ಒತ್ತಿ ಹಿಡಿದರಾಯಿತು' ಎಂದರೆ ಗೇರ್‌ಬಾಕ್ಸು ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಜೀಪು ನಿಲ್ಲುವ ಮೊದಲೇ ಒಂದನೆಯ ಗೇರ್ ಹಾಕಿದರೆ ಕರ್ರೆನ್ನುವುದು ದೋಷವಲ್ಲ. ಅದಕ್ಕೆ ಸಿಂಕ್ರೊಮೆಶ್ ಇಲ್ಲ.

ಎಣ್ಣೆಯದೊಂದು ವಿಚಿತ್ರವಿದೆ. ಗೇರ್‌ಬಾಕ್ಸಿಗೂ ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಎಣ್ಣೆ ಹರಿದು, ಒಂದು ಬತ್ತಿ ಇನ್ನೊಂದು ತುಂಬಿರಬಹುದು. ನೆಲದ ಮೇಲೆ ಒಂದು ಹನಿಯೂ ಕಾಣದು. ಎರಡರ ಲೆವೆಲ್ ಪ್ಲಗ್ಗನ್ನೂ ಬಿಚ್ಚಿಸಿ ನೋಡಿ. ಬದಲಿಸುವಾಗ ಜಿಎಲ್-4 ದರ್ಜೆಯ ಎಣ್ಣೆಯನ್ನೇ ಕೇಳಿ. ಕೆಲವು ಜಿಎಲ್-5 ಎಣ್ಣೆಗಳು ಸಿಂಕ್ರೊಮೆಶ್ಶಿನ ಹಿತ್ತಾಳೆ ಬಳೆಗಳನ್ನು ತಿನ್ನುತ್ತವೆ.