ಆರನೆಯ ಪರೀಕ್ಷೆಗೆ ನಾಲ್ಕು ಕೋಟಿ ಡಾಲರ್

ಕಲಬುರಗಿಯ ಶಹಾಬಜಾರದ ಓಣಿಗಳಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಮನೆಮನೆ ತಿರುಗಿದೆ. ಮೂವತ್ತು ದಾಟಿದವರ ಬಿ.ಪಿ., ಶುಗರ್, ಬಾಯಿ, ಸ್ತನ, ಗರ್ಭಕಂಠ ಎಲ್ಲದರ ವಿಚಾರಣೆ ಆಯಿತು. ದೊಡ್ಡಕರುಳಿನ ಕ್ಯಾನ್ಸರ್ ಯಾಕಿಲ್ಲ ಎಂದು ಕೇಳಿದೆ. "ಅದು ನಮ್ಮ ಪಟ್ಟಿಯಾಗ ಇಲ್ರೀ. ಸಂಡಾಸದಾಗ ರಕ್ತ ಕಂಡ್ರ ಮೂಲವ್ಯಾಧಿ ಅಂತ ಜನ ಮನ್ಯಾಗೇ ಔಷಧ ಮಾಡ್ಕೋತಾರ" ಎಂದರು.

ಕೇಂದ್ರದ 2016ರ ಮಾರ್ಗಸೂಚಿಯಲ್ಲಿರುವುದು ಮೂರೇ ಕ್ಯಾನ್ಸರ್. ನಮ್ಮಲ್ಲಿ ಲಕ್ಷಕ್ಕೆ ವರ್ಷಕ್ಕೆ ಸುಮಾರು ಐದು ಜನರಿಗೆ ಮಾತ್ರ ಕರುಳಿನ ಕ್ಯಾನ್ಸರ್ ಬರುತ್ತದೆ. ಅಮೆರಿಕದಲ್ಲಿ ಇದರ ಹಲವು ಪಟ್ಟು. ರೋಗ ವಿರಳವಾದಷ್ಟೂ ಒಂದೊಂದು ಪತ್ತೆಯ ಖರ್ಚು ಏರುತ್ತದೆ.

ಈ ಲೆಕ್ಕ ಎಲ್ಲಿಗೆ ಮುಟ್ಟಬಹುದೆಂದು ತೋರಿಸಿದ್ದು 1975ರ ಒಂದು ಪ್ರಬಂಧ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಗ್ವಯಾಕ್ ಪರೀಕ್ಷೆಯನ್ನು ಆರು ಸಲ ಮಾಡಬೇಕೆಂಬ ಸಲಹೆ ಆಗ ಅಮೆರಿಕದಲ್ಲಿತ್ತು. ನ್ಯೂಹೌಸರ್ ಮತ್ತು ಲೆವಿಕಿ ಲೆಕ್ಕ ಹಾಕಿದರು. ಹತ್ತು ಸಾವಿರ ಜನರಲ್ಲಿ 72 ರೋಗಿಗಳಿದ್ದರೆ, ಮೊದಲ ಪರೀಕ್ಷೆಯೇ ಸುಮಾರು 66 ಮಂದಿಯನ್ನು ಹಿಡಿಯುತ್ತದೆ. ಆರೂ ಸೇರಿ ನೋಡಿದರೆ ಒಬ್ಬ ರೋಗಿಗೆ ಸರಾಸರಿ 2,451 ಡಾಲರ್. ಆದರೆ ಆರನೆಯದರಿಂದ ಹೊಸದಾಗಿ ಒಬ್ಬನನ್ನು ಹಿಡಿಯಲು 4 ಕೋಟಿ 71 ಲಕ್ಷ ಡಾಲರ್! ಅವರ ಊಹೆಗಳನ್ನು ಆಮೇಲಿನವರು ಪ್ರಶ್ನಿಸಿದ್ದಾರೆ, ನಿಜ. ಆದರೂ ಸರಾಸರಿಯ ಮರೆಯಲ್ಲಿ ಕಡೆಯ ರೂಪಾಯಿ ಏನು ಮಾಡುತ್ತಿದೆ ಎಂದು ಕೇಳುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ಬರಹ ನನಗೆ ಬೇರೆ ಸಿಕ್ಕಿಲ್ಲ.

ಪರೀಕ್ಷೆಯಿಂದ ಪ್ರಯೋಜನವಿಲ್ಲವೆಂದಲ್ಲ. ವರ್ಷವರ್ಷ ಮಾಡಿದಾಗ ಈ ಕ್ಯಾನ್ಸರಿನ ಸಾವು ಮೂರನೆಯ ಒಂದು ಪಾಲು ತಗ್ಗಿದ್ದನ್ನು ಮಿನ್ನೆಸೋಟದ ಅಧ್ಯಯನ 1993ರಲ್ಲಿ ತೋರಿಸಿತು. ಆದರೆ ಗ್ವಯಾಕ್‌ಗೆ ಹಸಿ ಮೂಲಂಗಿ ಆಗದು. ಅದರೊಳಗಿನ ಕಿಣ್ವವೂ ಬಣ್ಣ ತಿರುಗಿಸಿ, ಇಲ್ಲದ ರಕ್ತ ತೋರಿಸಬಲ್ಲದು. ಜೋಳದ ರೊಟ್ಟಿಗೆ ಮೂಲಂಗಿ, ಉಳ್ಳಾಗಡ್ಡಿ ಕಚ್ಚಿ ತಿನ್ನುವ ನಮ್ಮ ಸೀಮೆಯಲ್ಲಿ ಇದು ಸಣ್ಣ ತೊಡಕಲ್ಲ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವ ಹೊಸ ಪರೀಕ್ಷೆಗೆ ಪಥ್ಯ ಬೇಡ. ಅದಕ್ಕೆ ಆಗದಿರುವುದು ಬಿಸಿಲು. ಶಾಖಕ್ಕೆ ಮಾದರಿಯಲ್ಲಿನ ಹಿಮೋಗ್ಲೋಬಿನ್ ಒಡೆಯುತ್ತದೆ, ಇರುವ ರಕ್ತವೂ ತಪ್ಪಿಹೋಗುತ್ತದೆ. 42 ಡಿಗ್ರಿಯ ಮೇ ತಿಂಗಳಲ್ಲಿ ಕಮಲಾಪುರದಿಂದ ಆ ಪುಟ್ಟ ಶೀಶೆಯನ್ನು ತಣ್ಣಗೆ ತರುವ ಖರ್ಚನ್ನು ಯಾರ ಬಾಬ್ತಿಗೆ ಬರೆಯುವುದು?

ಹಾಗಾಗಿ ಎಲ್ಲರಿಗೂ ಪರೀಕ್ಷೆ ಎಂಬ ಘೋಷಣೆ ಸದ್ಯಕ್ಕೆ ನನಗೆ ಒಪ್ಪಿಗೆಯಿಲ್ಲ. ಮೊದಲ ಹಣ ರಕ್ತ ಕಂಡೂ ಮನೆಯಲ್ಲೇ ಕೂತವರಿಗೆ ಹೋಗಲಿ. ಕಿದ್ವಾಯಿಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ. ಅಂಥವರನ್ನು ಆಶಾ ಅಕ್ಕ ವಿಚಾರಿಸಿ ಕಳಿಸಲಿ, ಕೊಲೊನೋಸ್ಕೋಪಿಯ ದಿನ ತಪ್ಪುವ ಕೂಲಿಯನ್ನೂ ಬಸ್ ಚಾರ್ಜನ್ನೂ ಯೋಜನೆಯೇ ಕೊಡಲಿ.