ತುಕ್ಕು ಹಟ ಹಿಡಿದು ಬದಲಾಗಲಿಲ್ಲ

ಸೋಮವಾರಪೇಟೆ, ಶನಿವಾರಸಂತೆ ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಕೇಳಿಬರುವ ಮಾತಿದು: ‘ಔಷಧಿ ಹೊಡೆದೂ ಹೊಡೆದೂ ಎಲೆ ತುಕ್ಕಿಗೆ ಬುದ್ಧಿ ಬಂದಿದೆ, ಅದಕ್ಕೇ ಹೊಸ ರೂಪ ತಾಳಿದೆ.’ ತುಕ್ಕು ಒಂದು ಶಿಲೀಂಧ್ರ, ಅದರ ರೂಪ ಬದಲಾಗಿರುವುದು ನಿಜ. ಬದಲಾದ ಬಗೆ ಮಾತ್ರ ಬೇರೆ.

1911ರಲ್ಲಿ ಚಿಕ್ಕಮಗಳೂರು ಸೀಮೆಯಲ್ಲಿ ಕೆಂಟ್ ಎಂಬ ಬೆಳೆಗಾರ ತುಕ್ಕು ತಗಲದ ಗಿಡವೊಂದನ್ನು ಆರಿಸಿ ಬೆಳೆಸಿದರು. ‘ಕೆಂಟ್ಸ್’ ತಳಿ ಮನೆಮಾತಾಯಿತು. ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ 1930ರ ದಶಕದಲ್ಲಿ ಇದರ ಗುಟ್ಟು ಬಿಡಿಸಿದರು: ತುಕ್ಕು ಒಂದೇ ಅಲ್ಲ, ಅದರಲ್ಲಿ ಹಲವು ಪಂಗಡಗಳಿವೆ. ಆಮೇಲೆ ಬಂದ ಎಸ್.795, ಕಾವೇರಿ ತಳಿಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು.

ತುಕ್ಕು ಹತ್ತಿದ ಎಲೆಯನ್ನು ಮಗುಚಿ ನೋಡಿ. ಕಿತ್ತಳೆ ಬಣ್ಣದ ಹುಡಿ ಬೆರಳಿಗೆ ಅಂಟುತ್ತದೆ. ಒಂದು ಕಲೆಯಿಂದ ಲಕ್ಷಗಟ್ಟಲೆ ಬೀಜಕಣಗಳು ಹೊರಬೀಳುತ್ತವೆ. ಕಣ ಹುಟ್ಟಬೇಕಾದರೆ ಡಿಎನ್‌ಎ ನಕಲಾಗಬೇಕು, ನಕಲು ಮಾಡುವಾಗ ಲಿಪಿಕಾರನ ಕೈ ತಪ್ಪುವ ಹಾಗೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹೆಚ್ಚಿನವು ಯಾವ ಉಪಯೋಗಕ್ಕೂ ಬಾರದ ತಪ್ಪುಗಳು. ಎಲ್ಲೋ ಒಂದು ಕಣಕ್ಕೆ ಮಾತ್ರ ಕೆಂಟ್ಸ್‌ನ ಕಾವಲು ತಪ್ಪಿಸುವ ಗುಣ ಬಂದಿರುತ್ತದೆ. ತೋಟದ ತುಂಬ ಕೆಂಟ್ಸ್ ಒಂದೇ ಇದ್ದರೆ ಉಳಿದ ಕಣಗಳೆಲ್ಲ ಹಸಿದು ಸಾಯುತ್ತವೆ, ಇದೊಂದು ಬೆಳೆಯುತ್ತದೆ. ಗಿಡವನ್ನು ಕಂಡ ಮೇಲೆ ತುಕ್ಕು ಬದಲಾದದ್ದಲ್ಲ. ಮೊದಲೇ ಬದಲಾಗಿದ್ದುದಕ್ಕೆ ಗಿಡ ಜಾಗ ಮಾಡಿಕೊಟ್ಟಿತು, ಅಷ್ಟೇ. 1943ರಲ್ಲಿ ವಿಜ್ಞಾನಿಗಳಾದ ಲೂರಿಯಾ, ಡೆಲ್‌ಬ್ರುಕ್ ಇಬ್ಬರೂ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ಮಾಡಿ ಈ ಕ್ರಮವನ್ನೇ ಸಾಬೀತುಪಡಿಸಿದರು. ಹಾಗಾಗಿ ‘ತುಕ್ಕಿಗೆ ಬುದ್ಧಿ ಬರುತ್ತದೆ’ ಎಂದು ಬೋರ್ಡೋ ದ್ರಾವಣ ಬಿಡುವುದು ಸರಿಯಲ್ಲ. ಅದರಲ್ಲಿರುವ ಮೈಲುತುತ್ತಿನ ತಾಮ್ರ ಶಿಲೀಂಧ್ರವನ್ನು ಒಂದೇ ಕಡೆಯಲ್ಲ, ಹಲವು ಕಡೆ ಹೊಡೆಯುತ್ತದೆ. ಒಂದಕ್ಷರದ ತಪ್ಪು ಅದನ್ನು ಗೆಲ್ಲುವುದು ಬಲು ಕಷ್ಟ.

ಡಿಎನ್‌ಎಯ ಇಂಥ ಅಕ್ಷರ ತಪ್ಪುಗಳಿಗೇ ರೂಪಾಂತರ ಎನ್ನುವುದು. ಇನ್ನೊಂದು ನಂಬಿಕೆ: ರೂಪಾಂತರ ಆಗುವುದು ವಿಕಿರಣದಿಂದ, ವಿಷದಿಂದ ಮಾತ್ರ. ಎಕ್ಸ್‌-ರೇ ನೊಣಗಳ ಜೀನ್ ಕೆಡಿಸುವುದನ್ನು ವಿಜ್ಞಾನಿ ಮುಲ್ಲರ್ 1927ರಲ್ಲೇ ತೋರಿಸಿದ್ದರು. ಬಿಸಿಲಿನ ನೇರಳಾತೀತ ಕಿರಣ, ಬೀಡಿ-ಸಿಗರೇಟಿನ ಹೊಗೆ ಕೂಡ ಆ ಕೆಲಸ ಮಾಡುತ್ತವೆ. ಆದರೆ ಇವು ಯಾವುವೂ ಇಲ್ಲದಿದ್ದರೂ ರೂಪಾಂತರ ನಿಲ್ಲುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಸುಮಾರು 60-70 ಹೊಸ ಬದಲಾವಣೆಗಳನ್ನು ಹೊತ್ತೇ ಪ್ರತಿ ಮಗುವೂ ಹುಟ್ಟುತ್ತದೆ. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಬಸುರಿ ಗ್ರಹಣ ನೋಡಿದ್ದಕ್ಕೆ ಮಗುವಿನ ತುಟಿ ಸೀಳಿತು ಎಂದು ತಾಯಿಯನ್ನು ದೂರುವ ಮನೆಗಳು ಇಂದಿಗೂ ಇವೆ. ಗ್ರಹಣದ ನೆರಳು ಯಾರ ಜೀನನ್ನೂ ಮುಟ್ಟುವುದಿಲ್ಲ. ಆ ತಾಯಿಯ ತಪ್ಪು ಏನೂ ಇಲ್ಲ.

ಬೇರೆಯಾಗಿ ಕಂಡದ್ದೆಲ್ಲ ರೂಪಾಂತರವೂ ಅಲ್ಲ. ಕಾಫಿ ಕಣದಲ್ಲಿ ಸಿಗುವ ಗುಂಡನೆಯ ಪಿ.ಬಿ. (ಪೀಬೆರಿ) ಬೀಜವನ್ನು ಬಿತ್ತಿದರೆ ಗಿಡದ ತುಂಬ ಪಿ.ಬಿ. ಬರುತ್ತದೆ ಎಂದು ನಂಬುವವರಿದ್ದಾರೆ. ಹಣ್ಣಿನ ಎರಡು ಕೋಣೆಗಳಲ್ಲಿ ಒಂದರ ಬೀಜ ಕಟ್ಟದೆ ಹೋದಾಗ ಇನ್ನೊಂದು ಒತ್ತುವವರಿಲ್ಲದೆ ಗುಂಡಗಾಗುತ್ತದೆ. ಬಿತ್ತಿದರೆ ಬರುವುದು ಮಾಮೂಲಿ ಗಿಡವೇ. ಬ್ರೆಜಿಲ್‌ನಲ್ಲಿ ಸಿಕ್ಕ ಕುಳ್ಳ ಕಾಫಿ ತಳಿ ಕಟುರ್ರಾದ ಕಥೆ ಬೇರೆ. ಅಲ್ಲಿ ಒಂದೇ ಜೀನ್ ಬದಲಾಯಿತು, ಕುಳ್ಳತನ ಸಂತಾನಕ್ಕೂ ಇಳಿಯಿತು, ನಮ್ಮ ಕಾವೇರಿ ತಳಿಯ ಗಿಡ್ಡ ನಿಲುವು ಅದರದೇ ಬಳುವಳಿ. ಬದಲಾವಣೆ ಒಂದಕ್ಷರದ್ದಿರಬಹುದು, ಅಕ್ಷರ ಬಿಟ್ಟುಹೋಗಿಯೋ ಸೇರಿಕೊಂಡೋ ಮುಂದಿನ ಓದೆಲ್ಲ ತಪ್ಪಬಹುದು, ಇಡೀ ವರ್ಣತಂತುಗಳ ಕಟ್ಟೇ ಇಮ್ಮಡಿಯಾಗಬಹುದು. ರೋಬಸ್ಟಾದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44. ರೋಬಸ್ಟಾ ಮತ್ತು ಯೂಜೆನಿಯಾಯ್ಡಿಸ್ ಎಂಬ ಕಾಡು ಕಾಫಿ ಕೂಡಿದ್ದರಿಂದ ಅರೇಬಿಕಾ ಹುಟ್ಟಿತು.

‘ರೂಪಾಂತರ ಎಂದರೆ ಕೇಡೇ’ ಎಂಬ ಮಾತಿಗೆ ಉತ್ತರ ಕೊಡಗಿನ ಹಾಡಿಗಳಲ್ಲಿದೆ. ಜೇನು ಕುರುಬ, ಯರವ ಸಮುದಾಯಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಜೀನ್‌ನ ಒಂದೇ ಅಕ್ಷರ, ‘ಎ’ ಇರಬೇಕಾದಲ್ಲಿ ‘ಟಿ’. ಭಾರತದಲ್ಲಿ ಇದು ಮೊದಲು ವರದಿಯಾದದ್ದು ಇಲ್ಲೇ ಪಕ್ಕದ ನೀಲಗಿರಿಯಲ್ಲಿ, 1952ರಲ್ಲಿ. ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದವರು ಕಾಯಿಲೆಯವರಲ್ಲ, ವಾಹಕರು. ಅವರನ್ನು ತೀವ್ರ ಮಲೇರಿಯಾದಿಂದ ಅದು ಕಾಯುತ್ತದೆ. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಇದು ಉಳಿದು ಬಂದದ್ದು ಅದರಿಂದಲೇ. ಎರಡೂ ಪ್ರತಿ ಕೆಟ್ಟವರಿಗೆ ನೋವು, ರಕ್ತಹೀನತೆ ತಪ್ಪಿದ್ದಲ್ಲ. ಇದು ಶಾಪವಲ್ಲ, ಅಂಟುವ ರೋಗವೂ ಅಲ್ಲ. ಕುಡುಗೋಲು ಕಣ ನಿರ್ಮೂಲನೆಗೆ ಕೇಂದ್ರದ ಯೋಜನೆ 2023ರ ಜುಲೈ 1ರಂದು ಆರಂಭವಾಗಿದೆ, ರಕ್ತ ಪರೀಕ್ಷೆ ಅದರ ಮುಖ್ಯ ಭಾಗ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ‘ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಕ್ಷೇಮ’ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಪ್ರತಿ ಬಸಿರಿಗೂ ಅದೇ ನಾಲ್ಕರಲ್ಲೊಂದು. ಮದುವೆಗೆ ಮುಂಚೆಯೇ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.