ಐವತ್ತು ಕಿಲೋಮೀಟರ್ ಹರಿದು ಬಂದ ನೀರು

ನಲ್ಲಿಯಲ್ಲಿ ನೀರು ಬಾರದಿದ್ದರೆ ಮನೆ ಕೆಲಸವೆಲ್ಲ ಹೇಗೆ ಅಸ್ತವ್ಯಸ್ತವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ, ವಿದ್ಯುತ್ ಪಂಪುಗಳಿಲ್ಲದ ಕಾಲದಲ್ಲಿ ರೋಮನ್ನರು ಒಂದು ಊರಿಗೆ ನೀರು ತಂದ ಬಗೆಯನ್ನು ನೋಡಿ.

ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣ ಆಗ ರೋಮನ್ ಸಾಮ್ರಾಜ್ಯದ ಪಶ್ಚಿಮ ಪ್ರಾಂತವಾದ ಗಾಲ್‌ಗೆ ಸೇರಿತ್ತು. ಚಕ್ರವರ್ತಿ ಆಗಸ್ಟಸ್ ಅದರ ಸುತ್ತ ಸುಮಾರು 6 ಕಿಲೋಮೀಟರ್ ಉದ್ದದ ಕೋಟೆಗೋಡೆ ಕಟ್ಟಿಸಿದ್ದ. ಊರೊಳಗೆ ಒಂದು ಚಿಲುಮೆಯಿತ್ತು. ಆದರೆ ಬೆಳೆಯುತ್ತಿದ್ದ ಪಟ್ಟಣದ ಬೀದಿ ತೊಟ್ಟಿಗಳಿಗೂ ಸ್ನಾನಗೃಹಗಳಿಗೂ ಅದು ಸಾಲದಾಯಿತು. ಹಾಗಾಗಿ ಒಂದನೇ ಶತಮಾನದಲ್ಲಿ ಉಜೆಸ್ ಬಳಿಯ ಬುಗ್ಗೆಯಿಂದ ಕಾಲುವೆ ತೋಡಿದರು. ನೇರ ದಾರಿ 20 ಕಿಲೋಮೀಟರ್ ಮಾತ್ರ. ನಡುವೆ ಗುಡ್ಡಗಳಿದ್ದುದರಿಂದ ಕಾಲುವೆ ಸುತ್ತಿ ಬಳಸಿ 50 ಕಿಲೋಮೀಟರ್ ಆಯಿತು. ಇಷ್ಟು ದೂರಕ್ಕೆ ಒಟ್ಟು ಇಳಿಜಾರು ಸುಮಾರು 12 ಮೀಟರ್. ಅಂದರೆ ಕಿಲೋಮೀಟರಿಗೆ ಸರಾಸರಿ ಒಂದು ಗೇಣು! ಅಳತೆ ತುಸು ತಪ್ಪಿದರೂ ನೀರು ನಡುದಾರಿಯಲ್ಲೇ ನಿಲ್ಲುತ್ತಿತ್ತು. ಗಾರ್ಡೊಂ ನದಿ ದಾಟಿಸಲು ಸುಮಾರು 49 ಮೀಟರ್ ಎತ್ತರದ, ಮೂರು ಸಾಲು ಕಮಾನುಗಳ ಸೇತುವೆ ಕಟ್ಟಿದರು. ಕೆಳಗಿನ ಎರಡು ಸಾಲುಗಳ ಕಲ್ಲುಗಳಿಗೆ ಗಾರೆಯೇ ಇಲ್ಲ. ಅದುವೇ ಪ್ರಸಿದ್ಧ ಪೋಂ ದು ಗಾರ್. ಪ್ರವಾಸಿಗರು ಅಲ್ಲಿಗೇ ಹೋಗಿ ಫೋಟೋ ತೆಗೆದುಕೊಂಡು ಮರಳುತ್ತಾರೆ.

ನನ್ನನ್ನು ಕೇಳಿದರೆ ಅದಕ್ಕಿಂತ ಸ್ವಾರಸ್ಯದ್ದು ಊರೊಳಗಿನ ಹಂಚಿಕೆಯ ತೊಟ್ಟಿ. ಸುಮಾರು ಐದೂವರೆ ಮೀಟರ್ ಅಗಲದ ದುಂಡು ತೊಟ್ಟಿ, ಅದರ ಅಂಚಿನಲ್ಲಿ ಹತ್ತು ತೂತುಗಳು. ಅಲ್ಲಿಂದ ಸೀಸದ ಕೊಳವೆಗಳು ಬೇರೆ ಬೇರೆ ಕೇರಿಗಳಿಗೆ ನೀರು ಒಯ್ಯುತ್ತಿದ್ದವು. ನೀರು ಮೊದಲು ಯಾರಿಗೆ ಸಲ್ಲಬೇಕು? ಬೀದಿ ತೊಟ್ಟಿಗಳಿಗೆ ಎಂದೂ ಕೊರತೆಯಾಗಬಾರದು, ಸ್ವಂತ ಮನೆಗೆ ಕೊಳವೆ ಎಳೆಸಿಕೊಂಡವರು ತೆರಿಗೆ ಕೊಡಬೇಕು ಎಂದು ಆಗಸ್ಟಸ್‌ನ ಕಾಲದ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಎಲ್ಲ ಊರುಗಳೂ ಅವನು ಹೇಳಿದಂತೆಯೇ ನಡೆದವೆಂದಲ್ಲ, ನೀಮ್‌ನ ತೊಟ್ಟಿಯ ರಚನೆಯೇ ಬೇರೆ. ಮನೆಯೊಳಗೆ ನೀರು ಬರುತ್ತಿದ್ದುದು ಉಳ್ಳವರಿಗೆ ಮಾತ್ರ. ಉಳಿದವರು ಕೊಡ ಹಿಡಿದು ಬೀದಿಗೆ ಬರಬೇಕಿತ್ತು. ಹಾಗೆ ಹೊತ್ತವರಲ್ಲಿ ಗುಲಾಮರೂ ಇದ್ದರು. ಹೊತ್ತವರ ಹೆಸರು ಚರಿತ್ರೆಯಲ್ಲಿಲ್ಲ.

ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ನೀವು ನೋಡಿರುತ್ತೀರಿ. ಆ ಬುಗ್ಗೆಯ ನೀರಿನಲ್ಲಿಯೂ ಸುಣ್ಣದಂಶ ಹೆಚ್ಚು. ಅದನ್ನು ಆಗಾಗ ಕೆರೆದು ತೆಗೆಯಬೇಕಿತ್ತು. ನಾಲ್ಕನೇ ಶತಮಾನದಿಂದ ಈ ಕೆಲಸಕ್ಕೆ ಗಮನ ಕೊಡುವವರು ಕಡಿಮೆಯಾದರು. ಪದರದ ಮೇಲೆ ಪದರ ಕೂತು ಕಾಲುವೆ ಇಕ್ಕಟ್ಟಾಯಿತು, ಕೊನೆಗೆ ನೀರೇ ನಿಂತಿತು. ಮುಂದೆ ಸುತ್ತಲಿನ ಜನ ಕಾಲುವೆಯ ಕಲ್ಲುಗಳನ್ನು ಕಿತ್ತು ತಮ್ಮ ಕಟ್ಟಡಗಳಿಗೆ ಬಳಸಿದರು. ಹಂಚಿಕೆಯ ತೊಟ್ಟಿ ಮಣ್ಣಿನಡಿ ಹೂತುಹೋಗಿತ್ತು. 1844ರಲ್ಲಿ ಅದು ಪತ್ತೆಯಾಯಿತು. ಆ ಹತ್ತು ತೂತುಗಳನ್ನು ಇಂದಿಗೂ ನೀಮ್‌ನಲ್ಲಿ ಕಾಣಬಹುದು.